ಟನ್ ಬಿಟ್ಟು ಟೇಪ್ ಹಿಡಿದೆ: ಗೋಡೌನಿಗೆ ಫೋರ್ಕ್‌ಲಿಫ್ಟ್ ಆರಿಸಿದ ನನ್ನ ಅನುಭವ

ದಾಬಸ್‌ಪೇಟೆ ಕಡೆ ನಾನು ನೋಡಿಕೊಳ್ಳುವ ಗೋಡೌನ್ ಸುಮಾರು 22 ಸಾವಿರ ಚದರಡಿ. ಮಾಲು ಡ್ರಮ್ಮು, ಕಾರ್ಟನ್, ಜಂಬೋ ಬ್ಯಾಗು (ಕುಣಿಕೆ ಹಿಡಿದು ಎತ್ತುವ ದೊಡ್ಡ ಚೀಲ). ಮೊದಲು ಎರಡು 3 ಟನ್ ಡೀಸೆಲ್ ಗಾಡಿ ಇದ್ದವು. ಈಗ ಒಂದೇ ಡೀಸೆಲ್, ಅದೂ ಅಂಗಳದಲ್ಲಿ. ಒಳಗೆ ಒಂದು ರೀಚ್ ಟ್ರಕ್ (ಇಕ್ಕಟ್ಟಿನ ದಾರಿಯಲ್ಲಿ ಫೋರ್ಕ್, ಅಂದರೆ ಮಾಲು ಹೊರುವ ಕಬ್ಬಿಣದ ತೋಳು, ಮುಂದೆ ಚಾಚಿ ಎತ್ತರದ ರ್ಯಾಕಿಗೆ ಇಡುವ ಬ್ಯಾಟರಿ ಗಾಡಿ), ಒಂದು ಮೂರು ಚಕ್ರದ ಬ್ಯಾಟರಿ ಗಾಡಿ. ಜಾಗ ಅಷ್ಟೇ. ಆದರೆ 900ರ ಆಸುಪಾಸು ಇದ್ದ ಪ್ಯಾಲೆಟ್ (ಮಾಲು ಪೇರಿಸುವ ಹಲಗೆಯ ಮಣೆ) ಈಗ 1,400ರ ಹತ್ತಿರ ಕೂರುತ್ತಿವೆ. ಯಜಮಾನರು, ಅಕ್ಕಪಕ್ಕದ ಗೋಡೌನಿನವರು, ನಮ್ಮ ಡ್ರೈವರುಗಳು ಎಲ್ಲರೂ ‘ಬ್ಯಾಟರಿ ಗಾಡಿ ಇಲ್ಲಿ ನಡೆಯಲ್ಲ’ ಅಂದಿದ್ದರು. ನಡೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ತಗೊಳ್ಳುವಾಗ ಎಲ್ಲರೂ ಕೇಳುವುದು ‘ಎಷ್ಟು ಟನ್?’ ಅಂತ. ನಾನು ಮೊದಲು ರ್ಯಾಕ್ ಸಾಲುಗಳ ನಡುವಿನ ದಾರಿ ಅಳೆದೆ. 3 ಟನ್ ಡೀಸೆಲ್ ಪ್ಯಾಲೆಟ್ ಹೊತ್ತು ತಿರುಗಲು ಹತ್ತಿರ ಹತ್ತಿರ 4 ಮೀಟರ್ ಬೇಕು. ಮೂರು ಚಕ್ರದ್ದಕ್ಕೆ 3.3 ಸಾಕು. ರೀಚ್ ಟ್ರಕ್ಕಿಗೆ 2.8. ನಾವು ಬಾಡಿಗೆ ಕಟ್ಟುತ್ತಿದ್ದುದರಲ್ಲಿ ಎಷ್ಟೋ ಜಾಗ ಬರೀ ಗಾಡಿ ತಿರುಗುವುದಕ್ಕೇ ಹೋಗುತ್ತಿತ್ತು! ನಮ್ಮ ಪ್ಯಾಲೆಟ್ ತೂಕ ನೋಡಿದರೆ ಮುಕ್ಕಾಲು ಪಾಲು ಒಂದು ಟನ್ನಿನ ಒಳಗೇ.

ಕ್ಯಾಟಲಾಗಿನ ಅಂಕಿ ನಂಬದೆ ಡೆಮೊಗೆ ಒಂದು ರೀಚ್ ಟ್ರಕ್ ತರಿಸಿದೆ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಎರಡು ಗೆರೆ ಎಳೆದು, ನಮ್ಮದೇ 1200×1000 ಮಿಲಿಮೀಟರ್ ಪ್ಯಾಲೆಟ್ ಎತ್ತಿಸಿ ತಿರುಗಿಸಿದೆ. 2.7ರಲ್ಲಿ ಹಿಂದಿನ ಮೂಲೆ ಗೆರೆ ಅಳಿಸಿತು. 2.8ರಲ್ಲಿ ಪಾರಾಯಿತು, ಆದರೆ ಬಿಗಿ. ರ್ಯಾಕಿನವನಿಗೆ 2.9 ಬಿಟ್ಟು ಕಟ್ಟು ಅಂದೆ. ಜೊತೆಗೆ ಮೇಲೆ ಒಂದು ಅಂತಸ್ತು ಜಾಸ್ತಿ ಹಾಕಿಸಿದೆ.

ಕೆಲವು ಪ್ರಯೋಗ ಕೈಕೊಟ್ಟವು. ಇದಕ್ಕೂ ಮೊದಲು, ಅಗ್ಗಕ್ಕೆ ಸಿಗುತ್ತದೆ ಅಂತ ನಡೆದುಕೊಂಡು ಓಡಿಸುವ ಸ್ಟ್ಯಾಕರ್ (ಪ್ಯಾಲೆಟ್ ಎತ್ತಿಡುವ ಚಿಕ್ಕ ಗಾಡಿ) ಬಾಡಿಗೆಗೆ ತಂದಿದ್ದೆವು. ನಮ್ಮ ಪ್ಯಾಲೆಟ್ಟುಗಳಿಗೆ ತಳದಲ್ಲೂ ಹಲಗೆ. ಸ್ಟ್ಯಾಕರಿನ ಕಾಲು ಫೋರ್ಕಿನ ಕೆಳಗೇ ಇರುವುದರಿಂದ ಎತ್ತಿದಾಗ ಹಲಗೆ ಕಿತ್ತು ಬರುತ್ತಿತ್ತು. ಶಟರ್ ಮುಂದಿನ ಇಳಿಜಾರಿನಲ್ಲಂತೂ ಲೋಡ್ ಹಾಕಿ ನಿಲ್ಲಿಸಲು ಭಯ. ಒಂದು ತಿಂಗಳ ಬಾಡಿಗೆ ಕೊಟ್ಟು ವಾಪಸ್ ಕಳಿಸಿದೆವು. ರೀಚ್ ಟ್ರಕ್ ಬಂದ ಮೇಲೆ ಅದನ್ನು ಅಂಗಳಕ್ಕೂ ಇಳಿಸಿ ನೋಡಿದೆ. ಅದರ ಪಾಲಿಯುರೆಥೇನ್ ಚಕ್ರ ಚಿಕ್ಕದು, ಗಟ್ಟಿ. ಜಲ್ಲಿ ಚುಚ್ಚಿ ತುಣುಕು ಎದ್ದಿತು. ಒಂದು ಚಕ್ರ ಬದಲಿಸಲು ಏಳೆಂಟು ಸಾವಿರ. ಅಲ್ಲಿಂದ ಅದು ಶಟರ್ ದಾಟಿಲ್ಲ. ಒಳಗೂ ನೆಲದ ಜಾಯಿಂಟುಗಳನ್ನು ಎಪಾಕ್ಸಿಯಲ್ಲಿ ತುಂಬಿಸಬೇಕಾಯಿತು.

ಟನ್ ಬಗ್ಗೆ ಒಂದು ಮಾತು. ಗಾಡಿಯ ಪ್ಲೇಟಿನ ಮೇಲಿನ 3 ಟನ್ ಅಂದರೆ 500 ಮಿಲಿಮೀಟರ್ ಲೋಡ್ ಸೆಂಟರಿಗೆ, ಅಂದರೆ ಫೋರ್ಕಿನ ಬುಡದಿಂದ ಮಾಲಿನ ತೂಕದ ನಡುಬಿಂದು ಅಷ್ಟು ದೂರ ಇದ್ದಾಗ. ಒಬ್ಬ ಗಿರಾಕಿಯ ಮಷಿನ್ ಪೆಟ್ಟಿಗೆ 1,400 ಉದ್ದ, ಅಂದರೆ ಸೆಂಟರ್ 700ಕ್ಕೆ ಹೋಯಿತು. ಮುಂದಿನ ಆಕ್ಸಲಿನಿಂದ ಫೋರ್ಕ್ ಮುಖಕ್ಕೆ 480 ಅಂತ ಹಿಡಿದು ಲೆಕ್ಕ ಹಾಕಿದರೆ ಉಳಿಯುವುದು ಎರಡೂವರೆ ಟನ್ನಿಗೂ ಸ್ವಲ್ಪ ಕಮ್ಮಿ. ಪೆಟ್ಟಿಗೆ ಅದಕ್ಕಿಂತ ಭಾರ. ಒಂದಡಿ ಎತ್ತುವಷ್ಟರಲ್ಲೇ ಹಿಂದಿನ ಚಕ್ರ (ಫೋರ್ಕ್‌ಲಿಫ್ಟ್ ತಿರುಗುವುದು ಅದರಲ್ಲೇ) ಹಗುರಾಗಿ ಸ್ಟೇರಿಂಗ್ ಒಂದೇ ಬೆರಳಲ್ಲಿ ತಿರುಗುತ್ತಿತ್ತು. ತಕ್ಷಣ ಇಳಿಸಿ ಕ್ರೇನ್ ಕರೆಸಿದೆವು. ಎತ್ತರಕ್ಕೆ ಹೋದಂತೆ ಇನ್ನೂ ಇಳಿಯುತ್ತದೆ. ನಮ್ಮ 1.6 ಟನ್ ರೀಚ್ ಟ್ರಕ್ ಮೇಲಿನ ಅಂತಸ್ತಿನಲ್ಲಿ ಹೊರುವುದು 1.2 ಟನ್ ಮಾತ್ರ. ಮಾರುವವರು ಇದನ್ನು ತಾವಾಗಿ ಹೇಳುವುದಿಲ್ಲ. ನೀವೇ ಕೇಳಿ ಬರೆಸಿಕೊಳ್ಳಿ.

ಚೆನ್ನೈ ಬಂದರಿನಿಂದ ಬರುವ ಕಂಟೇನರುಗಳಿಗೆ ಮೂರು ಚಕ್ರದ್ದು. ಸಾಮಾನ್ಯ ಕಂಟೇನರ್ ಬಾಗಿಲು 2.28 ಮೀಟರ್ ಎತ್ತರ. ಅದಕ್ಕೆ ಟ್ರಿಪ್ಲೆಕ್ಸ್ ಮಾಸ್ಟ್ (ಒಂದರೊಳಗೊಂದು ಸರಿಯುವ ಮೂರು ಹಂತದ ಕಂಬ), ಫುಲ್ ಫ್ರೀ ಲಿಫ್ಟ್ (ಕಂಬ ಉದ್ದವಾಗದೆ ಫೋರ್ಕ್ ಮೇಲೇರುವುದು), ಸೈಡ್ ಶಿಫ್ಟರ್ (ಫೋರ್ಕನ್ನು ಎಡಬಲ ಸರಿಸುವುದು) ಮೂರೂ ಇರಲೇಬೇಕು ಅಂತ ಹಟ ಹಿಡಿದೆ. ಡೀಸೆಲ್ ಒಳಗೆ ಹೋದರೆ ಹೊಗೆಗೆ ಹಮಾಲರ ಕಣ್ಣು ಉರಿಯುತ್ತಿತ್ತು, ಕಾರ್ಟನ್ ಮೇಲೆ ಮಸಿ. ಈಗ ಆ ಗೋಳಿಲ್ಲ.

ದುಡ್ಡಿನ ವಿಷಯ. ರೀಚ್ ಟ್ರಕ್ ಹೊಸದು 22–25 ಲಕ್ಷ ಅಂದರು. ಬಾಡಿಗೆಗೆ ತಗೊಂಡೆ, ತಿಂಗಳಿಗೆ 55 ಸಾವಿರದ ಆಸುಪಾಸು. ಮೂರು ಚಕ್ರದ್ದು ಸೆಕೆಂಡ್ ಹ್ಯಾಂಡ್, ಐದೂವರೆ ಲಕ್ಷ, ಮೇಲೆ ಹೊಸ ಬ್ಯಾಟರಿಗೆ ಎರಡು ಲಕ್ಷ ಚಿಲ್ಲರೆ. ಡೀಸೆಲ್ ಗಾಡಿ ಗಂಟೆಗೆ ಎರಡೂವರೆ, ಮೂರು ಲೀಟರ್ ಕುಡಿಯುತ್ತಿತ್ತು, ದಿನಕ್ಕೆ ಒಂದೂವರೆ ಸಾವಿರ. ಬ್ಯಾಟರಿ ಗಾಡಿಗೆ ಕರೆಂಟು 300 ರೂಪಾಯಿ ದಾಟಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯ ಅವರ್ ಮೀಟರ್ (ಎಷ್ಟು ಗಂಟೆ ಓಡಿದೆ ಅಂತ ತೋರಿಸುವುದು) ನಾನು ನಂಬುವುದಿಲ್ಲ. ಪೆಡಲ್ ರಬ್ಬರ್, ಫೋರ್ಕಿನ ಹಿಮ್ಮಡಿ (ಬಾಗಿದ ಬುಡ) ಸವೆದದ್ದು, ಚೈನ್ ಹಿಗ್ಗಿದ್ದು ನೋಡುತ್ತೇನೆ. ಇನ್ನೊಂದು ಜಾಗ ಮುಟ್ಟಿ ನೋಡುತ್ತೇನೆ, ಅದನ್ನು ಇಲ್ಲಿ ಹೇಳಲ್ಲ. ಮುಂದಿನ ಗಾಡಿಗೂ ನಾನು ಚೌಕಾಸಿ ಮಾಡಬೇಕಲ್ವಾ.

ಬ್ಯಾಟರಿಗೆ ನಿಯಮ ಕಟ್ಟುನಿಟ್ಟು. 20 ಪರ್ಸೆಂಟಿಗೆ ಬಂದರೆ ಕೆಲಸ ನಿಲ್ಲಬೇಕು. ಡಿಸ್ಟಿಲ್ಡ್ ವಾಟರ್ ಚಾರ್ಜ್ ಆದ ಮೇಲೆ, ಮೊದಲಲ್ಲ. ಚಾರ್ಜಿಂಗ್ ಜಾಗಕ್ಕೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೇನೆ, ಚಾರ್ಜ್ ಆಗುವಾಗ ಬರುವ ಹೈಡ್ರೋಜನ್ ಜೊತೆ ಆಟ ಬೇಡ. ಗುರುತು ಬೀಳದ ಬಿಳಿ ಟೈರನ್ನೂ ಹಾಕಿ ನೋಡಿದೆ. ನೆಲ ಚೆನ್ನಾಗಿ ಉಳಿಯಿತು, ಆದರೆ ಟೈರ್ ಕಪ್ಪಿನದಕ್ಕಿಂತ ಬೇಗ ಸವೆಯಿತು. ಜಂಬೋ ಬ್ಯಾಗಿನ ಕುಣಿಕೆ ಫೋರ್ಕಿನ ಅಂಚಿಗೆ ಹರಿಯುತ್ತಿತ್ತು. ಪೀಣ್ಯದ ಫ್ಯಾಬ್ರಿಕೇಟರ್ ಒಬ್ಬರ ಹತ್ತಿರ ಅಂಚು ದುಂಡಗಿರುವ ಕವಚ ಮಾಡಿಸಿ, ಪಿನ್ ಹಾಕಿ ಕೂರಿಸಿದೆ. ಆಮೇಲೆ ಒಂದು ಬ್ಯಾಗೂ ಬಿದ್ದಿಲ್ಲ.

ಮುಂದಿನದು ಲಿಥಿಯಂ ಬ್ಯಾಟರಿ. ಊಟದ ಬಿಡುವಿನಲ್ಲೇ ಚಾರ್ಜ್ ಹಾಕಬಹುದು, ನೀರಿನ ರಗಳೆ ಇಲ್ಲ. ರೇಟು ಈಗಿನ ಲೆಡ್ ಆಸಿಡ್ ಬ್ಯಾಟರಿಯ ದುಪ್ಪಟ್ಟಿಗಿಂತ ಮೇಲೆ ಹೇಳುತ್ತಿದ್ದಾರೆ. ಒಂದೇ ಶಿಫ್ಟಿಗೆ ಅದು ಗಿಟ್ಟುವುದಿಲ್ಲ. ದಸರಾ ಹೊತ್ತಿಗೆ ಎರಡನೇ ಶಿಫ್ಟ್ ಶುರುವಾದರೆ ಡೆಮೊ ತರಿಸುತ್ತೇನೆ.