ಶೀಟ್ ಒಡೆದು ಬಿದ್ದೆ, ಪರಿಹಾರ ತಗೊಂಡೆ: ನನ್ನ ಅನುಭವ

"ಕಂಟ್ರಾಕ್ಟರ್ ನಲವತ್ತು ಸಾವಿರ ಕೊಡ್ತೀನಿ ಅಂತಿದ್ದಾರೆ, ತಗೊಂಡು ಸುಮ್ನಿರು. ಕೂಲಿಯವರು ಕೋರ್ಟಿಗೆ ಹೋದ್ರೆ ಚಪ್ಪಲಿ ಸವೆಯುತ್ತೆ ಅಷ್ಟೆ." ನಮ್ಮ ಭಾವ ಹೇಳಿದ ಮಾತು ಇದು. ನಾನು ತಗೊಳ್ಳಲಿಲ್ಲ. ಮೂರೂವರೆ ವರ್ಷಕ್ಕೆ ನನ್ನ ಖಾತೆಗೆ ಬಂದಿದ್ದು ಐದು ಲಕ್ಷ ಚಿಲ್ಲರೆ. ಭಾವನೇ ಪಾಸ್‌ಬುಕ್ ಎರಡು ಸಲ ತಿರುಗಿಸಿ ನೋಡಿದರು.

2021ರ ಆಗಸ್ಟ್. ಮಾಲೂರಿನ ಹತ್ತಿರ ಒಂದು ಫ್ಯಾಕ್ಟರಿ ಶೆಡ್ಡಿಗೆ ಶೀಟ್ ಬದಲಾಯಿಸುವ ಕೆಲಸ. ಬೋಲ್ಟ್ ಸಾಲು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟೆ, ಹಳೇ ಸಿಮೆಂಟ್ ಶೀಟ್ ಒಡೆಯಿತು. ಹದಿನೆಂಟು ಅಡಿ ಇರಬಹುದು. ಬಲಗಾಲಿನ ಹಿಮ್ಮಡಿ ಮೂಳೆ ಪುಡಿಯಾಯಿತು. ಹಿಮ್ಮಡಿ ಹೋದರೆ ಏಣಿ ಹತ್ತೋದು ಏನು ಕಷ್ಟ ಅಂತ ನಮ್ಮ ಕೆಲಸದವರಿಗೆ ಹೇಳಬೇಕಾಗಿಲ್ಲ.

ಕೇಸು ಹಾಳಾಗೋದು ಆಸ್ಪತ್ರೆಯಲ್ಲೇ. ಜೊತೆಗೆ ಬಂದ ಮೇಸ್ತ್ರಿ "ಬೈಕಿಂದ ಬಿದ್ದ" ಅಂತ ಬರೆಸಿಬಿಟ್ಟ. ನೋವಿನಲ್ಲಿ ನನಗೆ ಅದು ಕೇಳಿಸಲೇ ಇಲ್ಲ. ಎರಡನೇ ಆಸ್ಪತ್ರೆಯಲ್ಲಿ ನಾನೇ ಹೇಳಿ ಸರಿಯಾಗಿ ಬರೆಸಿದೆ, ಐದನೇ ದಿನ ಠಾಣೆಗೆ ದೂರೂ ಹೋಯಿತು. ಆದರೂ ಪಾಟೀಸವಾಲಿನಲ್ಲಿ ಎದುರು ವಕೀಲರು ಹಿಡಿದಿದ್ದು ಆ ಮೊದಲ ಸಾಲನ್ನೇ. ಉಳಿಸಿದ್ದು ಗೇಟ್ ರಿಜಿಸ್ಟರ್. ಬೆಳಿಗ್ಗೆ ಒಳಗೆ ಹೋದಾಗಿನ ನನ್ನ ಸಹಿ ಇದೆ, ಹೊರಗೆ ಹೋದ ಸಮಯದ ಕಾಲಂ ಖಾಲಿ. ಅದರ ನಕಲು ಹೇಗೆ ಸಿಕ್ಕಿತು ಅಂತ ಇಲ್ಲಿ ಬರೆಯಲ್ಲ, ಕೊಟ್ಟವರ ಕೆಲಸ ಉಳಿಯಬೇಕು.

ಇನ್ನೊಂದು ತಪ್ಪು ನನ್ನದೇ. ಔಷಧಿ ಬಿಲ್ಲುಗಳನ್ನು ಕವರಿಗೆ ಹಾಕಿ ಬೀರು ಮೇಲೆ ಇಟ್ಟಿದ್ದೆ. ವರ್ಷದ ಮೇಲೆ ತೆಗೆದರೆ ಅರ್ಧಕ್ಕರ್ಧ ಬಿಳಿ ಕಾಗದ, ಅಕ್ಷರವೇ ಮಾಯ. ಮಿಷಿನ್ನಿಂದ ಬರುವ ಆ ನುಣುಪು ಚೀಟಿಗಳಷ್ಟೂ ಹಾಗೇ. ಖರ್ಚಾಗಿದ್ದು ಐವತ್ತೈದು ಸಾವಿರ, ಕೋರ್ಟು ಒಪ್ಪಿದ್ದು ಮೂವತ್ತೆಂಟು. ಬಿಲ್ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಯಾರ ಹತ್ತಿರ ಹೋಗಬೇಕು ಅಂತ ಗೊತ್ತಿಲ್ಲದೆ ಆರು ತಿಂಗಳು ಅಲೆದೆ. ಕೆಲಸದಲ್ಲಿ ಪೆಟ್ಟಾದವರ ಪರಿಹಾರಕ್ಕೆ ಆಗ ಇದ್ದದ್ದು 1923ರ ನೌಕರರ ಪರಿಹಾರ ಕಾಯ್ದೆ, ಅದರ ಅರ್ಜಿ ನಮ್ಮ ರಾಜ್ಯದಲ್ಲಿ ನಡೆಯುತ್ತಿದ್ದದ್ದು ಸೀನಿಯರ್ ಸಿವಿಲ್ ನ್ಯಾಯಾಧೀಶರ ಮುಂದೆ. ಎರಡು ವರ್ಷದೊಳಗೆ ಹಾಕಬೇಕು. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರು ಅಲ್ಲೇ ಕೇಳಬೇಕು, ಈ ದಾರಿ ಅವರಿಗಿಲ್ಲ. ನನ್ನ ಕೂಲಿ ತಿಂಗಳಿಗೆ ₹22 ಸಾವಿರದ ಹತ್ತಿರ, ಆಗಿನ ಇಎಸ್‌ಐ ಸಂಬಳದ ಮಿತಿ ₹21 ಸಾವಿರ. ಹಾಗಾಗಿ ನಾನು ಹೊರಗೆ.

"ಇವನು ನಮ್ಮ ಆಳೇ ಅಲ್ಲ" ಅಂದರು ಕಂಟ್ರಾಕ್ಟರ್. ಫೋನ್‌ಪೇಯಲ್ಲಿ ಪ್ರತಿ ಶನಿವಾರ ಬಂದ ಬಟವಾಡೆಯನ್ನು ಬ್ಯಾಂಕಿನಿಂದ ಸೀಲ್ ಹಾಕಿಸಿ ಕೊಟ್ಟೆ. ಕೆಲಸ ಕೊಟ್ಟ ಫ್ಯಾಕ್ಟರಿಯನ್ನೂ ಸೇರಿಸಿದೆ, ಕಂಟ್ರಾಕ್ಟರ್ ಆಳಿಗೆ ಅವರೂ ಹೊಣೆ. ಆಮೇಲೆ "ಬೆಲ್ಟ್ ಹಾಕಿರಲಿಲ್ಲ" ಅಂದರು. ಕೊಟ್ಟ ಸೇಫ್ಟಿ ಬೆಲ್ಟನ್ನು ಬೇಕಂತಲೇ ತೆಗೆದಿಟ್ಟಿದ್ದರೆ ನನ್ನ ಕೇಸಿಗೆ ಪೆಟ್ಟು ಬೀಳುತ್ತಿತ್ತು. ಕೊಟ್ಟೇ ಇರಲಿಲ್ಲ. ಅವತ್ತು ಬೆಳಿಗ್ಗೆ ಹುಡುಗರು ಮೇಲೆ ನಿಂತು ತೆಗೆದ ಫೋಟೋದಲ್ಲಿ ಒಬ್ಬರ ಮೈಮೇಲೂ ಬೆಲ್ಟಿಲ್ಲ.

ಮೇಸ್ತ್ರಿ ಫೋನಿನಲ್ಲಿ ಒಪ್ಪಿಕೊಂಡಿದ್ದನ್ನೂ ರೆಕಾರ್ಡ್ ಮಾಡಿದ್ದೆ. ಅದಕ್ಕೆ ಆಗಿನ ಸಾಕ್ಷ್ಯ ಕಾಯ್ದೆಯ 65ಬಿ ಸರ್ಟಿಫಿಕೇಟ್, ಅಂದರೆ ರೆಕಾರ್ಡಿಂಗ್ ಯಾವ ಫೋನಿನಿಂದ ಹೇಗೆ ತೆಗೆದದ್ದು ಅಂತ ಬರೆದುಕೊಡುವ ಪತ್ರ ಬೇಕು ಅಂದರು ವಕೀಲರು. ಅಷ್ಟರಲ್ಲಿ ಹಳೇ ಫೋನ್ ಮಾರಿಬಿಟ್ಟಿದ್ದೆ, ಪೆನ್‌ಡ್ರೈವ್ ಮನೆಯಲ್ಲೇ ಉಳಿಯಿತು.

ಲೆಕ್ಕ ಹೀಗೆ. ಕೂಲಿ ಎಷ್ಟೇ ಜಾಸ್ತಿ ಇರಲಿ, ಆ ಕಾಯ್ದೆಯಲ್ಲಿ 2020ರಿಂದ ₹15 ಸಾವಿರಕ್ಕೇ ನಿಲ್ಲಿಸುತ್ತಿದ್ದರು. ಅದರಲ್ಲಿ ಶೇ 60, ಅಂದರೆ ₹9 ಸಾವಿರ. ನನಗೆ ಆಗ 40 ವಯಸ್ಸು, ಆ ವಯಸ್ಸಿಗೆ ಕಾಯ್ದೆಯ ಪಟ್ಟಿಯಲ್ಲಿದ್ದ ಅಂಕಿ 184.17. ಗುಣಿಸಿದರೆ ಹದಿನಾರೂವರೆ ಲಕ್ಷದ ಮೇಲೆ. ಡಾಕ್ಟರು ಕಾಲಿಗೆ ಶೇ 30 ಊನ ಅಂದರು, ದುಡಿಮೆಗೆ ಆದ ನಷ್ಟ ಶೇ 20 ಅಂತ ಕೋರ್ಟು ಹಿಡಿಯಿತು. ಮೂರು ಲಕ್ಷ ಮೂವತ್ತು ಸಾವಿರ ಆಯಿತು. ಬಿದ್ದ ಒಂದು ತಿಂಗಳಿಂದ ಶೇ 12 ಬಡ್ಡಿ, ಅದೇ ಒಂದು ಲಕ್ಷ ಮೂವತ್ತೈದು ಸಾವಿರ ದಾಟಿತು. ಔಷಧಿಯ ಮೂವತ್ತೆಂಟು ಸಾವಿರ ಸೇರಿ ಐದು ಲಕ್ಷ ಚಿಲ್ಲರೆ. ಎಳೆದಾಡಿದಷ್ಟೂ ಅವರಿಗೇ ಬಡ್ಡಿಯ ಹೊರೆ ಜಾಸ್ತಿ, ಇದನ್ನು ತಿಳಿದಮೇಲೆ ವಾಯಿದೆಗೆ ನಾನು ಹೆದರಲಿಲ್ಲ. ವಕೀಲರಿಗೆ, ಓಡಾಟಕ್ಕೆ ಅರವತ್ತು ಸಾವಿರ ಹೋಗಿರಬೇಕು. ಕೋಲಾರದ ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇದೆ, ಅರ್ಹತೆ ಇದ್ದವರಿಗೆ ವಕೀಲರನ್ನು ಬಿಟ್ಟಿ ಕೊಡುತ್ತಾರೆ. ನನಗೆ ತಡವಾಗಿ ಗೊತ್ತಾಯಿತು.

ಹೋದ ತಿಂಗಳು ವೇಮಗಲ್ ಕಡೆ ನಮ್ಮ ಹುಡುಗನೊಬ್ಬ ಸಾರುವೆಯಿಂದ ಬಿದ್ದ. ನನ್ನದು 1923ರ ಕಾಯ್ದೆ, ಅವನಿಗೆ 2025ರ ನವೆಂಬರ್‌ನಲ್ಲಿ ಜಾರಿಯಾದ ಹೊಸ ಸಾಮಾಜಿಕ ಭದ್ರತಾ ಸಂಹಿತೆ. ಎರಡು ವರ್ಷದ ಗಡುವು ಅದರಲ್ಲೂ ಇದೆ. ಕ್ಯಾಶುಯಾಲ್ಟಿಯಲ್ಲಿ ನಾನೇ ಪಕ್ಕ ನಿಂತು ಬರೆಸಿದೆ: ಕೆಲಸದ ಜಾಗ, ಸಾರುವೆ, ಬೆಳಿಗ್ಗೆ ಹತ್ತೂವರೆ. ಬಿಲ್ಲುಗಳ ಜೆರಾಕ್ಸ್ ಅವನ ಹೆಂಡತಿ ಹತ್ತಿರ ಇದೆ.