‘ಇನ್’ ಬಂದಲ್ಲೆಲ್ಲ ‘ಇಲ್ಲ’ ಎಂದರ್ಥವಲ್ಲ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸತೊಡಗಿದ ಮೊದಲ ವರ್ಷಗಳಲ್ಲಿ ನಾನು ‘ಅನ್’, ‘ಇನ್’, ‘ಡಿಸ್’, ‘ನಾನ್’ ಎಂಬ ನಿಷೇಧಾರ್ಥಕ ಪೂರ್ವಪ್ರತ್ಯಯಗಳನ್ನು ಕಪ್ಪುಹಲಗೆಯ ಮೇಲೆ ಸಾಲಾಗಿ ಬರೆದು, ಇವು ಸೇರಿದರೆ ಪದದ ಅರ್ಥ ವಿರುದ್ಧವಾಗುತ್ತದೆ ಎಂದು ಬಾಯಿಪಾಠ ಮಾಡಿಸುತ್ತಿದ್ದೆ. ಕಿರುಪರೀಕ್ಷೆಯೊಂದರಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ‘ಇನ್‌ವ್ಯಾಲ್ಯುಯಬಲ್’ ಪದಕ್ಕೆ ‘ಬೆಲೆಯಿಲ್ಲದ್ದು, ಕೆಲಸಕ್ಕೆ ಬಾರದ್ದು’ ಎಂದು ಬರೆದಳು. ನಾನು ತಪ್ಪು ಹಾಕಿದೆ. ಅವಳು ಉತ್ತರಪತ್ರಿಕೆ ಹಿಡಿದು ಬಂದು, “ಸರ್, ನೀವು ಹೇಳಿಕೊಟ್ಟ ಹಾಗೇ ಬರೆದಿದ್ದೀನಲ್ಲ” ಎಂದಾಗ, ತಪ್ಪು ಅವಳದಲ್ಲ, ನನ್ನ ಪಾಠದ್ದು ಎಂದು ಅರಿವಾಯಿತು.

ಮರುದಿನ ಹಲಗೆಯ ಮೇಲೆ ‘ಅಮೂಲ್ಯ’ ಎಂದು ಬರೆದೆ. ‘ಅ’ ಎಂದರೆ ಇಲ್ಲ, ‘ಮೂಲ್ಯ’ ಎಂದರೆ ಬೆಲೆ. ಹಾಗಾದರೆ ಅಮೂಲ್ಯ ರತ್ನವೆಂದರೆ ಬೆಲೆಯಿಲ್ಲದ ಕಲ್ಲೇ ಎಂದು ಕೇಳಿದೆ. “ಅಲ್ಲ ಸರ್, ಬೆಲೆ ಕಟ್ಟೋಕೇ ಆಗದ್ದು” ಎಂದು ಹಲವರು ಒಟ್ಟಿಗೆ ಹೇಳಿದರು. ಇಂಗ್ಲಿಷ್ ಪದದಲ್ಲಿಯೂ ನಿಷೇಧಿಸಲ್ಪಟ್ಟಿರುವುದು ಬೆಲೆಯಲ್ಲ, ಬೆಲೆ ಕಟ್ಟುವ ಸಾಧ್ಯತೆ. ಪೂರ್ವಪ್ರತ್ಯಯ ಕಂಡೊಡನೆ ‘ಇಲ್ಲ’ ಎನ್ನುವ ಬದಲು ‘ಏನಿಲ್ಲ?’ ಎಂದು ಕೇಳಿಸುವ ಅಭ್ಯಾಸವನ್ನು ನಾನು ಅಂದಿನಿಂದ ಆರಂಭಿಸಿದೆ.

ಕನ್ನಡದ ಮಕ್ಕಳಿಗೆ ಇದು ಹೊಸದೇನಲ್ಲ. ವ್ಯಂಜನದ ಮುಂದೆ ‘ಅ’ (ಅನ್ಯಾಯ), ಸ್ವರದ ಮುಂದೆ ‘ಅನ್’ (ಅನುಚಿತ) ಎಂಬುದು ಸಂಸ್ಕೃತದಿಂದ ನಮಗೆ ಬಂದ ಕ್ರಮ. ಗ್ರೀಕಿನ ಪೂರ್ವಪ್ರತ್ಯಯ ಸೇರಿದ ಇಂಗ್ಲಿಷಿನ ‘ಏಮಾರಲ್’, ‘ಆ್ಯನಾರ್ಕಿ’ ಪದಗಳಲ್ಲೂ ಅದೇ ಕ್ರಮವಿದೆ. ಲ್ಯಾಟಿನ್ನಿನ ‘ಇನ್’, ಇಂಗ್ಲಿಷಿನದೇ ಆದ ‘ಅನ್’, ಸಂಸ್ಕೃತದ ‘ಅ’ ಇವೆಲ್ಲ ಇಂಡೋ-ಯುರೋಪಿಯನ್ ಭಾಷೆಗಳ ಒಂದೇ ಬೇರಿನ ಚಿಗುರುಗಳು. ‘ಇಂಪಾಸಿಬಲ್’, ‘ಇಲ್ಲೀಗಲ್’, ‘ಇರ್ರೆಗ್ಯುಲರ್’ ಎಂಬಲ್ಲಿ ‘ಇನ್’ ತನ್ನ ಮುಂದಿನ ಅಕ್ಷರಕ್ಕೆ ಹೊಂದಿಕೊಳ್ಳುವುದನ್ನು, ಸಂಧಿ ಕಲಿತ ಮಕ್ಕಳು ಬೇಗ ಗ್ರಹಿಸುತ್ತಾರೆ.

ನಿಜವಾಗಿ ಎಡವುವುದು ‘ಇನ್‌ಫ್ಲೇಮಬಲ್’ ಪದದಲ್ಲಿ. ಪೆಟ್ರೋಲ್ ಟ್ಯಾಂಕರಿನ ಹಿಂಭಾಗದಲ್ಲಿ ಅದನ್ನು ಓದಿದವರು ‘ಬೆಂಕಿ ಹೊತ್ತಿಕೊಳ್ಳದ್ದು’ ಎಂದು ತಿಳಿದರೆ ಗತಿಯೇನು? ಇಲ್ಲಿನ ‘ಇನ್’ ನಿಷೇಧದ್ದಲ್ಲ. ಉರಿ ಹೊತ್ತಿಸು ಎಂಬ ಲ್ಯಾಟಿನ್ ಕ್ರಿಯಾಪದದ ಭಾಗವದು. ಆದ್ದರಿಂದ ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡಕ್ಕೂ ಸುಲಭವಾಗಿ ಹೊತ್ತಿಕೊಳ್ಳುವಂಥದ್ದು ಎಂದೇ ಅರ್ಥ. ಉರಿಯದಿರುವುದಕ್ಕೆ ‘ನಾನ್‌ಫ್ಲೇಮಬಲ್’ ಎನ್ನಬೇಕು.

‘ಅನ್‌ಇಂಟರೆಸ್ಟೆಡ್’, ‘ಡಿಸ್‌ಇಂಟರೆಸ್ಟೆಡ್’ ಜೋಡಿಗೆ ನಾನು ಒಂದು ಪೂರ್ತಿ ಅವಧಿಯನ್ನೇ ಕೊಡುತ್ತೇನೆ. ‘ಇಂಟರೆಸ್ಟ್’ ಪದಕ್ಕೆ ಆಸಕ್ತಿ ಎಂಬ ಅರ್ಥದ ಜೊತೆಗೆ ಸ್ವಂತ ಲಾಭ ಎಂಬ ಅರ್ಥವೂ ಇದೆ. ಮೊದಲನೆಯ ಪದ ಆಸಕ್ತಿಯನ್ನು ನಿರಾಕರಿಸಿದರೆ ಎರಡನೆಯದು ಲಾಭದ ಹಂಗನ್ನು ನಿರಾಕರಿಸುತ್ತದೆ. ನ್ಯಾಯ ಹೇಳುವವರು ‘ಡಿಸ್‌ಇಂಟರೆಸ್ಟೆಡ್’ ಆಗಿರಬೇಕು, ‘ಅನ್‌ಇಂಟರೆಸ್ಟೆಡ್’ ಆಗಿರಬಾರದು. ಇಂದು ಇಂಗ್ಲಿಷಿನವರಲ್ಲೇ ಅನೇಕರು ಈ ಭೇದವನ್ನು ಬಿಟ್ಟಿದ್ದಾರೆ. ಆದರೂ ಉಳಿಸಿಕೊಳ್ಳಬೇಕಾದ ಭೇದವಿದು ಎಂದೇ ನನ್ನ ನಂಬಿಕೆ.

ಕ್ರಿಯಾಪದದೊಡನೆ ಬರುವ ‘ಅನ್’ ಮಾತ್ರ ಬೇರೆ ಮೂಲದ್ದು. ಅದು ಮಾಡಿದ್ದನ್ನು ಹಿಂದಕ್ಕೆ ತಿರುಗಿಸುತ್ತದೆ. ‘ಅನ್‌ಟೈ’ ಎಂದರೆ ಕಟ್ಟದಿರು ಎಂದಲ್ಲ, ಕಟ್ಟಿದ್ದನ್ನು ಬಿಚ್ಚು ಎಂದು. ಇದನ್ನು ತೋರಿಸಲು ಒಮ್ಮೆ ಬೀಗವೊಂದನ್ನು ತಂದು, ‘ಅನ್‌ಲಾಕಬಲ್’ ಎಂದರೇನು ಎಂದು ಕೇಳಿದೆ. ಮುಂದಿನ ಸಾಲಿನವರು “ಬೀಗ ತೆಗೆಯಬಹುದಾದದ್ದು” ಎಂದರು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, ಚಿಲಕ ಮುರಿದಿದ್ದ ಪುಸ್ತಕದ ಬೀರುವಿನತ್ತ ಕೈ ತೋರಿಸಿ, “ಬೀಗ ಹಾಕೋಕಾಗದ್ದು ಅಂತಲೂ ಆಗುತ್ತಲ್ಲ ಸರ್” ಎಂದ.