ಮಂಗಳವಾರ ಬರ್ತೀನಿ ಅಂದಿದ್ದೆ

ನಿರಾಶ್ರಿತರ ಶಿಬಿರದಲ್ಲಿದ್ದ ಒಬ್ಬ ಅಜ್ಜಿಯ ಗುಡಿಸಲಿಗೆ ಮೊದಲ ಸಲ ಹೋದಾಗ ನಾನು ಪೆನ್ನು ಹೊರಗೆ ತೆಗೆಯಲಿಲ್ಲ. ಇಷ್ಟು ಕಲಿಯೋಕೆ ನನಗೆ ಆರು ತಿಂಗಳು ಹಿಡಿದಿತ್ತು.

ನಾನು ರಾಯಚೂರಿನವಳು. ಊರಲ್ಲಿ ಮಕ್ಕಳ ರಕ್ಷಣೆಯ ಕೆಲಸ ಕೆಲವು ವರ್ಷ ಮಾಡಿ, 2022ರ ಕೊನೆಯಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಹೋದೆ. ರೋಹಿಂಗ್ಯಾ ನಿರಾಶ್ರಿತರ ಶಿಬಿರದಲ್ಲಿ ಕೇಸ್ ವರ್ಕ್. 2017ರ ಆಗಸ್ಟ್ 25ರ ನಂತರ ಕೆಲವೇ ತಿಂಗಳಲ್ಲಿ ಮ್ಯಾನ್ಮಾರಿನ ರಖೈನ್‌ನಿಂದ ಏಳು ಲಕ್ಷಕ್ಕೂ ಜಾಸ್ತಿ ಜನ ಗಡಿ ದಾಟಿ ಬಂದ ಜಾಗ ಅದು. ಆನೆಗಳು ಓಡಾಡುತ್ತಿದ್ದ ಗುಡ್ಡಗಳನ್ನು ಕಡಿದು ಬಿದಿರು, ಟಾರ್ಪಾಲಿನ ಮನೆ ಕಟ್ಟಿಕೊಂಡಿದ್ದಾರೆ. ಪಕ್ಕಾ ಮನೆ ಕಟ್ಟಲು ಸರ್ಕಾರ ಬಿಡುವುದಿಲ್ಲ. ಹೊರಗೆ ಹೋಗಿ ದುಡಿಯುವ ಹಾಗೂ ಇಲ್ಲ.

ಕೇಸ್ ವರ್ಕ್ ಅಂದರೆ ಏನು ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಅಕ್ಕಿ ಹಂಚೋದಾ ಅಂತ. ಅಲ್ಲ. ಅಕ್ಕಿ ಸಾವಿರಾರು ಮನೆಗೆ ಒಂದೇ ಲೆಕ್ಕದಲ್ಲಿ ಹೋಗುತ್ತದೆ. ಆ ಲೆಕ್ಕದಿಂದ ಜಾರಿ ಬಿದ್ದವರ ಮನೆಗೆ ಒಬ್ಬೊಬ್ಬರಾಗಿ ಹೋಗುವುದು ನಮ್ಮ ಕೆಲಸ. ಮಕ್ಕಳ ಕೇಸ್ ಆದರೆ ಒಬ್ಬ ಕೇಸ್ ವರ್ಕರ್ ಕೈಯಲ್ಲಿ 25ಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ ಇದೆ. ನಿಯಮ ಇದೆ, ಅಷ್ಟೇ.

ಅಜ್ಜಿಯ ಕೇಸ್ ನನಗೆ ಬಂದಿದ್ದು 2023ರ ಜೂನ್‌ನಲ್ಲಿ. (ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ.) ಹಾಳೆಯಲ್ಲಿ ಬರೆದಿದ್ದು ಒಂದೇ ಸಾಲು: ಮೊಮ್ಮಗಳಿಗೆ 15 ವರ್ಷ, ಮಲೇಷ್ಯಾದಲ್ಲಿರುವ ಹುಡುಗನ ಜೊತೆ ಮದುವೆ ಮಾತುಕತೆ. ಶಿಬಿರದಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಮದುವೆ ಫೋನಿನಲ್ಲಿ ಆಗುತ್ತದೆ. ಆಮೇಲೆ ದಲ್ಲಾಳಿ ಬಂದು ಹುಡುಗಿಯನ್ನು ದೋಣಿ ಹತ್ತಿಸುತ್ತಾನೆ. ಮಳೆಗಾಲ ಮುಗಿದು ಸಮುದ್ರ ತಣ್ಣಗಾದ ಮೇಲೆ ದೋಣಿ ಹೊರಡುತ್ತವೆ. ಅಂದರೆ ನಮ್ಮ ಕೈಲಿ ಇದ್ದದ್ದು ನಾಲ್ಕೈದು ತಿಂಗಳು.

ಮೊದಲ ಭೇಟಿ ಚೆನ್ನಾಗಿಯೇ ಆಯಿತು. ಎರಡನೇ ಭೇಟಿಯಲ್ಲಿ ನಾನು ಕೆಡಿಸಿದೆ. ಕೂತು ಐದು ನಿಮಿಷ ಆಗಿರಲಿಲ್ಲ, ಮದುವೆ ಯಾವಾಗ ಅಂತ ಕೇಳಿಬಿಟ್ಟೆ. ಗೋಡೆಗೂ ಕಿವಿ ಇರುತ್ತೆ ಅಂತೀವಲ್ಲ, ಅಲ್ಲಿ ಗೋಡೆಯೇ ಇಲ್ಲ. ಟಾರ್ಪಾಲಿನ ಆಚೆ ಪಕ್ಕದ ಮನೆಯವರು ಮೀನು ಹುರಿಯುತ್ತಿದ್ದರು. ಸಂಜೆಯೊಳಗೆ ಸುದ್ದಿ ಮಾಝಿಗೆ ಮುಟ್ಟಿತು. ಮಾಝಿ ಅಂದರೆ ಒಂದು ಬ್ಲಾಕಿನ ಮುಖಂಡ. ಮುಂದಿನ ವಾರ ಹೋದರೆ ಬಾಗಿಲ ಪರದೆ ಇಳಿಬಿಟ್ಟಿತ್ತು. ಒಳಗೆ ಅಜ್ಜಿ ಕೆಮ್ಮುವುದು ಕೇಳಿಸುತ್ತಿತ್ತು. ನಾನು ಹೊರಗಿನಿಂದಲೇ ಹೇಳಿದೆ, ಮುಂದಿನ ಮಂಗಳವಾರ ಬರ್ತೀನಿ.

ಹೋದೆ. ಪರದೆ ಇಳಿದೇ ಇತ್ತು. ಮತ್ತೊಂದು ಮಂಗಳವಾರ ಹೋದೆ. ಸಿಕ್ಕಾಪಟ್ಟೆ ಮಳೆ. ಗುಡ್ಡದ ಮೆಟ್ಟಿಲಿನ ಮರಳು ಮೂಟೆ ಜಾರುತ್ತಿದ್ದವು, ಎರಡು ಕಡೆ ಬಿದ್ದೆ. ಮೈಯೆಲ್ಲ ಕೆಸರಾಗಿ ನಿಂತಿದ್ದು ನೋಡಿ ಅಜ್ಜಿಗೆ ನಗು ಬಂತು. ಪರದೆ ಸರಿಸಿದರು. ಎಲೆ ಅಡಿಕೆ ಕೊಟ್ಟರು. ಯಾರದೋ ಮನೆಯಲ್ಲಿ ಎಲೆ ಅಡಿಕೆ ಕೊಟ್ಟರೆ ಏನರ್ಥ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ? ಹಾಕಿಕೊಂಡೆ. ತಲೆ ಗಿರ್ರೆಂದಿತು.

ಭಾಷೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಜ್ಜಿಯದು ರೋಹಿಂಗ್ಯಾ ಮಾತು. ನನ್ನ ಸಹೋದ್ಯೋಗಿ ಚಿತ್ತಗಾಂಗಿನವಳು. ಎರಡೂ ಮಾತು ಹತ್ತಿರದವು, ಆದರೆ ಒಂದೇ ಅಲ್ಲ. 'ಗಾ ಲಾಮನಿ' ಅಂದರೆ ಅಕ್ಷರಕ್ಕೆ ಅಕ್ಷರ ಮೈ ಕುಸಿಯುತ್ತಿದೆ ಅಂತ. ನಿಜದ ಅರ್ಥ ಭೇದಿ. ಇದು ಗೊತ್ತಿಲ್ಲದವರು ಸುಸ್ತು ಅಂತ ಬರೆದುಕೊಂಡು ಹೋಗಿಬಿಡುತ್ತಾರೆ. ಆದರೆ ಒಂದು ಮಾತಿಗೆ ನನಗೆ ಅನುವಾದವೇ ಬೇಕಾಗಲಿಲ್ಲ. ಅಜ್ಜಿ ಎದೆ ಮೇಲೆ ಕೈ ಇಟ್ಟು 'ಚಿಂತಾ ಲಾಗೆರ್' ಅಂದರು. ಸ್ವಲ್ಪ ಹೊತ್ತಿಗೆ 'ಅಶಾಂತಿ ಲಾಗೆರ್'. ನಮ್ಮ ಫಾರಂನಲ್ಲಿ ಇದಕ್ಕೆ 'ಮಾನಸಿಕ ಒತ್ತಡದ ಲಕ್ಷಣಗಳು' ಅಂತ ಒಂದು ಚೌಕ ಇದೆ. ನಾನು ಚೌಕಕ್ಕೆ ಟಿಕ್ ಹಾಕಿ, ಪಕ್ಕದಲ್ಲಿ ಆ ಎರಡು ಮಾತನ್ನೂ ಬರೆದೆ.

ಏನು ಚಿಂತೆ ಅಂತ ಕೇಳಿದೆ. ಮದುವೆ ಬಗ್ಗೆ ಕೇಳಲಿಲ್ಲ. ಅಜ್ಜಿ ಹೇಳಿದ್ದು ಲೆಕ್ಕ. ಒಬ್ಬರಿಗೆ ತಿಂಗಳಿಗೆ 12 ಡಾಲರಿನ ರೇಷನ್ ಬರುತ್ತಿತ್ತು. ದಾನಿಗಳ ಹಣ ಸಾಲದೆ ಮಾರ್ಚ್‌ನಲ್ಲಿ ಅದು 10 ಆಯಿತು, ಜೂನ್‌ನಲ್ಲಿ 8. ಮನೆಯಲ್ಲಿ ಅಜ್ಜಿ, ಅವರ ವಿಧವೆ ತಂಗಿ, ಮೊಮ್ಮಗಳು, ಮೊಮ್ಮಗ. ಹುಡುಗಿಯನ್ನು ಇಲ್ಲೇ ಕೊಟ್ಟರೆ ವರದಕ್ಷಿಣೆ ಬೇಕು. ಮಲೇಷ್ಯಾದ ಹುಡುಗ ಏನೂ ಕೇಳಿಲ್ಲ, ದೋಣಿಯ ದುಡ್ಡೂ ಅವನದೇ. ರಾತ್ರಿ ಹೊತ್ತು ಬಂದೂಕು ಹಿಡಿದವರು ಓಡಾಡುತ್ತಾರೆ. ಬೆಳೆದ ಹುಡುಗಿ, ಶೌಚಾಲಯ ದೂರ, ದೀಪ ಇಲ್ಲ. ಇಷ್ಟು ಹೇಳಿ ಅಜ್ಜಿ ನನ್ನ ಮುಖ ನೋಡಿದರು. ಬಾಲ್ಯವಿವಾಹ ತಪ್ಪು ಅಂತ ಚಿತ್ರ ಬರೆದ ಹಾಳೆ ನನ್ನ ಬ್ಯಾಗಿನಲ್ಲಿತ್ತು. ಅಲ್ಲೇ ಇರಲಿ ಅಂತ ಬಿಟ್ಟೆ.

ಮಾತಿನ ನಡುವೆ ಅಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾರ್ಡ್ ತೆಗೆದು ತೋರಿಸಿದರು. ಸುಮ್ನೆ ತೋರಿಸಿದ್ದು, ನೋಡಮ್ಮ ಇಷ್ಟೇ ಬರೋದು ಅಂತ. ನನ್ನ ಸಹೋದ್ಯೋಗಿ ಅದನ್ನು ತಿರುಗಿಸಿ ನೋಡಿ, ಇನ್ನೊಮ್ಮೆ ನೋಡಿದಳು. ಅದರಲ್ಲಿ ಇದ್ದದ್ದು ಇಬ್ಬರ ಹೆಸರು. ಅಜ್ಜಿ ಮತ್ತು ತಂಗಿ. ಮಕ್ಕಳಿಬ್ಬರ ಹೆಸರು ತಾಯಿಯ ಕಾರ್ಡಿನಲ್ಲೇ ಉಳಿದಿತ್ತು. ಮಕ್ಕಳ ಅಪ್ಪ 2017ರಲ್ಲೇ ಕೊಲೆಯಾಗಿದ್ದ. ತಾಯಿ ಮರುಮದುವೆಯಾಗಿ ಬೇರೆ ಶಿಬಿರಕ್ಕೆ ಹೋಗಿದ್ದಳು. ಅಂದರೆ ಇಬ್ಬರ 16 ಡಾಲರಿನಲ್ಲಿ ನಾಲ್ಕು ಜನ ತಿಂಗಳು ತಳ್ಳುತ್ತಿದ್ದರು. ನಮ್ಮ ಫಾರಂನಲ್ಲಿ 'ರೇಷನ್ ಕಾರ್ಡ್ ಇದೆಯೇ' ಅಂತ ಪ್ರಶ್ನೆ ಇದೆ. ಉತ್ತರ 'ಇದೆ' ಅಂತಲೇ ಆಗಿತ್ತು. ಯಾರೂ ಸುಳ್ಳು ಹೇಳಿರಲಿಲ್ಲ.

ಆಮೇಲಿನದು ಕಾಗದದ ಕೆಲಸ. ಅದನ್ನು ಪೂರ್ತಿ ಬರೆದರೆ ಓದುವವರಿಗೆ ನಿದ್ದೆ ಬರುತ್ತೆ. ತಾಯಿಯ ಒಪ್ಪಿಗೆ ಬೇಕು, ಅವಳ ಹೊಸ ಗಂಡನಿಗೆ ರೇಷನ್ ಕಡಿಮೆಯಾಗುವ ಸಿಟ್ಟು, ಮಕ್ಕಳು ಯಾರ ಹತ್ತಿರ ಇದ್ದಾರೆ ಅನ್ನುವುದಕ್ಕೆ ಸಾಕ್ಷಿ, ಶಿಬಿರದ ಅಧಿಕಾರಿಯ ಸಹಿ, ನೋಂದಣಿ ಕೇಂದ್ರದ ಸರದಿ. ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಕಳೆದುಹೋಯಿತು, ಮತ್ತೆ ಮೊದಲಿಂದ ಶುರು. ಪ್ರತಿ ಮಂಗಳವಾರ ಹೋಗಿ 'ಇವತ್ತೂ ಏನೂ ಆಗಿಲ್ಲ' ಅಂತ ಹೇಳಿ ಬರುತ್ತಿದ್ದೆ. ಹೊಸಬರು ಇದನ್ನೇ ತಪ್ಪಿಸುತ್ತಾರೆ. ಹೇಳಲು ಸುದ್ದಿ ಇಲ್ಲ ಅಂತ ಹೋಗುವುದೇ ಇಲ್ಲ. ನಾನೂ ಊರಲ್ಲಿ ಹಾಗೆ ಮಾಡಿದವಳೇ. ಆದರೆ ಕಾಯುವವರಿಗೆ ನೀವು ಬರದೇ ಇದ್ದರೆ ಅದೇ ಒಂದು ಸುದ್ದಿ. ನಮ್ಮ ಬದಲು ದಲ್ಲಾಳಿ ಬರುತ್ತಾನೆ, ಅವನು ಹೇಳಿದ ದಿನ ತಪ್ಪಿಸುವುದಿಲ್ಲ.

ಹುಡುಗಿಯ ಜೊತೆ ಬೇರೆಯಾಗಿ ಮಾತಾಡಬೇಕಿತ್ತು. ಮನೆಯಲ್ಲಿ ಸಾಧ್ಯವಿಲ್ಲ. ಶಿಬಿರದಲ್ಲಿ ಹೆಂಗಸರಿಗಾಗಿ ಇರುವ ಕೇಂದ್ರಗಳಿಗೆ ರೋಹಿಂಗ್ಯಾ ಹೆಂಗಸರೇ ಇಟ್ಟ ಹೆಸರು 'ಶಾಂತಿ ಖಾನಾ'. ಅಲ್ಲಿ ಹೊಲಿಗೆ ಕಲಿಯುವ ನೆಪದಲ್ಲಿ ಬಂದಳು. ಬುರ್ಖಾ, ಅದರ ಮೇಲೆ ಮುಖಕ್ಕೆ ಅಡ್ಡವಾಗಿ ಛತ್ರಿ. ಸಿನಿಮಾ ನೋಡಿ ಕಲಿತ ಹಿಂದಿ ಅವಳದು, ರಾಯಚೂರಿನ ಓಣಿಯಲ್ಲಿ ಕಲಿತ ದಖನಿ ಉರ್ದು ನನ್ನದು. ಹೇಗೋ ನಡೆಯಿತು. ಅವಳು ಅಳುತ್ತಾಳೆ, ಕಾಪಾಡಿ ಅನ್ನುತ್ತಾಳೆ ಅಂತ ನಾನು ಅಂದುಕೊಂಡಿದ್ದೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: ಹೋಗಬೇಕು ಅಂತಲೂ ಇಲ್ಲ, ಇಲ್ಲೇ ಇರಬೇಕು ಅಂತಲೂ ಇಲ್ಲ. ನಾನು ಹೋದರೆ ತಮ್ಮ ಹೊಟ್ಟೆ ತುಂಬ ತಿನ್ನುತ್ತಾನಾ, ಅದು ಹೇಳಿ.

ಅವಳಿಗೂ ಅಜ್ಜಿಗೂ ಒಂದು ಮಾತು ಮೊದಲೇ ಬಿಡಿಸಿ ಹೇಳಿದ್ದೆ. ನೀವು ಹೇಳಿದ್ದನ್ನು ಯಾರಿಗೂ ಹೇಳಲ್ಲ, ಹೆಸರಿನ ಬದಲು ಸಂಖ್ಯೆ ಬರೆಯುತ್ತೇವೆ, ಫೈಲು ಬೀಗದಲ್ಲಿರುತ್ತೆ. ಆದರೆ ದೋಣಿಯ ದಿನ ಗೊತ್ತಾದರೆ ಮಾತ್ರ ನಾನು ಸುಮ್ಮನಿರೋಕೆ ಆಗಲ್ಲ. ಇದನ್ನು ಕೊನೆಗೆ ಹೇಳಿದರೆ ಮೋಸ ಮಾಡಿದ ಹಾಗೆ.

ಅಕ್ಟೋಬರ್‌ನಲ್ಲಿ ಮಕ್ಕಳ ಹೆಸರು ಅಜ್ಜಿಯ ಕಾರ್ಡಿಗೆ ಬಂತು. 16 ಹೋಗಿ 32 ಆಯಿತು. ನಮ್ಮಲ್ಲೇ ಬೇರೆ ತಂಡದವರನ್ನು ಕಾಡಿ ಬೇಡಿ ಒಂದು ಸೋಲಾರ್ ದೀಪ ಹಾಕಿಸಿದೆವು. ವರದಕ್ಷಿಣೆಗೆ ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ, ಇವತ್ತಿಗೂ ಇಲ್ಲ. ಅಜ್ಜಿ ಮಲೇಷ್ಯಾದವರಿಗೆ ಇನ್ನೊಂದು ವರ್ಷ ಕಳೆಯಲಿ ಅಂದರು. ಬೇಡ ಅನ್ನಲಿಲ್ಲ, ಕಳೆಯಲಿ ಅಂದರು. ಫೈಲಿನಲ್ಲಿ ನಾನು 'ಮದುವೆ ತಡೆಯಲಾಗಿದೆ' ಅಂತ ಬರೆಯಲಿಲ್ಲ. 'ಮುಂದೂಡಿದ್ದಾರೆ' ಅಂತ ಬರೆದೆ. ವರದಿ ಮಾಡುವವರಿಗೆ ಮೊದಲನೆಯದೇ ಬೇಕಿತ್ತು.

ಆ ಚಳಿಗಾಲ ಅದೇ ಬ್ಲಾಕಿನ ಇನ್ನೊಬ್ಬ ಹುಡುಗಿ ದೋಣಿ ಹತ್ತಿದಳು. ಅವಳ ಮನೆ ನಮ್ಮ ಯಾವ ಪಟ್ಟಿಯಲ್ಲೂ ಇರಲಿಲ್ಲ. 2023ರಲ್ಲಿ ಸುಮಾರು 4,500 ರೋಹಿಂಗ್ಯಾಗಳು ಹೀಗೆ ಸಮುದ್ರಕ್ಕಿಳಿದರು. ಅವರಲ್ಲಿ 569 ಜನ ಸತ್ತರು ಅಥವಾ ಕಾಣೆಯಾದರು ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿತು. ಆ ಹುಡುಗಿ ಮುಟ್ಟಿದಳೋ ಇಲ್ಲವೋ, ನಾನು ಅಲ್ಲಿರುವವರೆಗೂ ಫೋನ್ ಬಂದಿರಲಿಲ್ಲ.

2024ರ ಜನವರಿಯಲ್ಲಿ ರೇಷನ್ 10 ಡಾಲರಿಗೆ ಏರಿತು. ನನ್ನ ಒಪ್ಪಂದ ಮುಗಿದಿದ್ದೂ ಆ ಹೊತ್ತಿಗೇ. ಕೇಸ್‌ಗಳನ್ನು ಹೊಸ ಹುಡುಗಿಗೆ ಒಪ್ಪಿಸಬೇಕಿತ್ತು. ಫಾರಂನ ಕೊನೆಯಲ್ಲಿ 'ಇತರೆ ಮಾಹಿತಿ' ಅಂತ ಎರಡು ಗೆರೆ ಜಾಗ ಇರುತ್ತೆ. ಸಾಮಾನ್ಯವಾಗಿ ಖಾಲಿ ಬಿಡುತ್ತೇವೆ. ಅಜ್ಜಿಯ ಫೈಲಿನಲ್ಲಿ ಬರೆದೆ: ಮಂಗಳವಾರ ಹೋಗಿ, ಹತ್ತು ಗಂಟೆಯ ಮೇಲೆ. ಪಕ್ಕದ ಮನೆಯವರು ಒಳಗಿದ್ದರೆ ಮಳೆಯ ಬಗ್ಗೆ ಮಾತಾಡಿ. ಎಲೆ ಅಡಿಕೆ ಕೊಟ್ಟರೆ ಬೇಡ ಅನ್ನಬೇಡಿ, ಅಡಿಕೆ ಸಣ್ಣ ಚೂರು ಸಾಕು.